ಹಾವು-ಕಪ್ಪೆಗಳ ಆಸರೆಮನೆಯಲ್ಲಿ ಉಮೇದುವಾರಿ

ಕಳೆದ ಮಳೆಗಾಲದ ಒಂದು ಸಂಜೆ ವಾಕಡದ ನಮ್ಮ ವಾಚನಾಲಯದ ಮೆಟ್ಟಿಲ ಬಳಿ ಹಾವೊಂದು ಕಾಣಿಸಿತು. ಮೈಮೇಲೆ ಬಿಳಿಯ ಪಟ್ಟೆಗಳಿದ್ದವು. “ಮಣ್ಯಾರ, ಮಣ್ಯಾರ!” ಎಂದು ಯಾರೋ ಕೂಗಿದರು. ಕಟ್ಟುಹಾವಿಗೆ ಮರಾಠಿಯಲ್ಲಿ ಆ ಹೆಸರು. ನಾವು ಕೋಲು ತಂದು ಅದನ್ನು ಹೊಡೆದು ಕೊಂದೆವು. ಮರುದಿನ ಬಲ್ಲವರೊಬ್ಬರು ನೋಡಿ, ಅದು ಕಟ್ಟುಹಾವಲ್ಲ, ಹಲ್ಲಿ ಹಿಡಿಯಲು ಗೋಡೆ ಹತ್ತುವ ವಿಷವಿಲ್ಲದ ತೋಳಹಾವು ಎಂದರು. “ಇದನ್ನು ಕಟ್ಟುಹಾವೆಂದು ಕೊಂದಿರಿ. ನಾಳೆ ಕಟ್ಟುಹಾವನ್ನು ತೋಳಹಾವೆಂದು ಕೈಯಲ್ಲಿ ಎತ್ತಿಕೊಂಡರೆ ಗತಿಯೇನು?” ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯೇ ನಮ್ಮನ್ನು ಊರ ಹೊರಗಿನ ಒಂದು ಆಸರೆಮನೆಗೆ ಕರೆದೊಯ್ದಿತು. ಗಾಯಗೊಂಡ ಹಾವು, ಆಮೆ, ಉಡ, ಕಪ್ಪೆಗಳಿಗೆ ಅಲ್ಲಿ ಶುಶ್ರೂಷೆ ನಡೆಯುತ್ತದೆ. ಸಂಬಳವಿಲ್ಲದೆ ಕೆಲಸ ಕಲಿಯುವುದಕ್ಕೆ ನಮ್ಮ ಗಿರಣಿಯ ಹಿರಿಯ ಗುಮಾಸ್ತರು ‘ಉಮೇದುವಾರಿ’ ಎನ್ನುತ್ತಿದ್ದರು. ಆರು ಭಾನುವಾರ ನಾವು ಅಂಥ ಉಮೇದುವಾರರಾದೆವು. ಕಲಿತುದನ್ನು ವಾಚಕ ಬಂಧುಗಳಿಗೆ ಒಪ್ಪಿಸುವುದು ನಮ್ಮ ಕರ್ತವ್ಯ.

ಪುಣೆಗೆ ಈ ವಿದ್ಯೆ ಹೊಸದಲ್ಲ. 1980ರಲ್ಲಿ ನೀಲಿಮ್‌ಕುಮಾರ ಖೈರೆಯವರು 72 ವಿಷದ ಹಾವುಗಳೊಡನೆ ಒಂದೇ ಕೋಣೆಯಲ್ಲಿ 72 ತಾಸು ಕಳೆದು, ಹಾವು ತಾನಾಗಿ ಮೇಲೆರಗುವ ಪ್ರಾಣಿಯಲ್ಲವೆಂದು ಜನಕ್ಕೆ ತೋರಿಸಿದರು. 1986ರಲ್ಲಿ ಕಾತ್ರಜದ ಸರ್ಪೋದ್ಯಾನ ಅವರ ಮುಂದಾಳುತನದಲ್ಲಿ ಆರಂಭವಾಯಿತು. ಅವರ ಸಾಹಸವನ್ನು ಅನುಕರಿಸುವುದು ಯಾರಿಗೂ ತರವಲ್ಲ. ಅದರ ಹಿಂದಿದ್ದ ತಿಳಿವಳಿಕೆ ಮಾತ್ರ ಎಲ್ಲರಿಗೂ ಬೇಕಾದುದು.

ಮೊದಲನೆಯ ಪಾಠ ಪೊರಕೆಯದು. ಹಾವು ಹಿಡಿಯುವುದನ್ನು ಕಲಿಸುವರೆಂದು ಹೋದ ನಮಗೆ ಮೊದಲ ದಿನ ಸಿಕ್ಕಿದ್ದು ಪೊರಕೆ, ಬಕೀಟು ಮತ್ತು ಸಾಬೂನು. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ ಪ್ರತಿ ಪೆಟ್ಟಿಗೆಯ ಕೆಲಸ ಮುಗಿದೊಡನೆ ಕೈ ತೊಳೆಯಬೇಕು. ಹೊಸದಾಗಿ ಬಂದ ಪ್ರಾಣಿಯನ್ನು ಉಳಿದವುಗಳಿಂದ ಬೇರೆ ಇಡಬೇಕು. ಅದರ ನೀರಿನ ಬಟ್ಟಲನ್ನು ಇನ್ನೊಂದಕ್ಕೆ ಬಳಸಬಾರದು. ವಿಷದ ಹಾವುಗಳ ಪೆಟ್ಟಿಗೆಯನ್ನು ಉಮೇದುವಾರರು ಮುಟ್ಟುವಂತೆಯೇ ಇಲ್ಲ.

ಎರಡನೆಯದು ಬಿಸಿಲು-ನೆರಳಿನ ಪಾಠ. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಹಾವು ಆಮೆಗಳು ಅದನ್ನು ಹೊರಗಿನಿಂದ ಪಡೆಯಬೇಕು. ಆದ್ದರಿಂದ ಪೆಟ್ಟಿಗೆಯ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಂಪಾಗಿರಬೇಕು. ಚಳಿಗೆ ಸಿಕ್ಕ ಹಾವಿಗೆ ನುಂಗಿದ್ದು ಅರಗದು. ಇನ್ನು ಹಾಲಂತೂ ಅದರ ಆಹಾರವೇ ಅಲ್ಲ. ಪಂಚಮಿಯ ಹೊತ್ತಿಗೆ ಬಾಯಾರಿಸಿ ತಂದ ನಾಗರಹಾವು ಹಾಲು ಕುಡಿದರೆ ಅದು ಭಕ್ತಿಗೆ ಒಲಿದುದಲ್ಲ, ದಾಹ ತಾಳಲಾರದುದು.

ಮೂರನೆಯದು ಆಮೆ ಕಪ್ಪೆಗಳದು. ಆಮೆಯ ಚಿಪ್ಪು ಕಳಚಿಡುವ ಕವಚವಲ್ಲ. ಬೆನ್ನೆಲುಬೂ ಪಕ್ಕೆಲುಬೂ ಅದಕ್ಕೇ ಬೆಸೆದುಕೊಂಡಿವೆ. ವಾಹನ ತಗುಲಿ ಚಿಪ್ಪು ಬಿರಿದರೆ ಅದು ಮೂಳೆ ಮುರಿದಂತೆಯೇ. ಮಾಯಲು ತಿಂಗಳುಗಳೇ ಹಿಡಿಯುತ್ತವೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಸಾಬೂನಿನ ಅಂಶವಿರುವ ಕೈ ಅದಕ್ಕೆ ಅಪಾಯ. ಶುದ್ಧ ನೀರಿನಲ್ಲಿ ಒದ್ದೆ ಮಾಡಿದ ಕೈಯಿಂದ, ಅದೂ ಅನಿವಾರ್ಯವಾದಾಗ ಮಾತ್ರ, ಅದನ್ನು ಎತ್ತಬೇಕು. ನಮ್ಮ ದೇಶ ಕಪ್ಪೆಕಾಲಿನ ರಫ್ತನ್ನು 1987ರಲ್ಲಿ ನಿಲ್ಲಿಸಿತು. ಕೀಟಗಳನ್ನು ತಿನ್ನುವ ಕಪ್ಪೆ ರೈತನಿಗೆ ಕೂಲಿ ಕೇಳದ ಆಳು.

ನಾಲ್ಕನೆಯದು ಗುಮಾಸ್ತರಾದ ನಮಗೆ ಒಗ್ಗಿದ ಕೆಲಸ, ರಿಜಿಸ್ಟರು. ಬಂದ ತಾರೀಖು, ಸಿಕ್ಕ ಜಾಗ, ತೂಕ, ಉದ್ದ, ಗಾಯ, ಬಿಟ್ಟ ಜಾಗ ಎಲ್ಲವನ್ನೂ ಬರೆಯಬೇಕು. ಸಿಕ್ಕ ಜಾಗಕ್ಕೇಕೆ ಇಷ್ಟು ಮಹತ್ವವೆಂದು ಕೇಳಿದೆವು. ಹಾವಿಗೂ ತನ್ನದೆಂಬ ನೆಲೆಯುಂಟು. ನೀರು, ಬಿಲ, ಬೇಟೆ ಎಲ್ಲಿವೆಯೆಂದು ಅದಕ್ಕೆ ಗೊತ್ತು. ನಮ್ಮ ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೋ ಯಂತ್ರ ಅಳವಡಿಸಿ ಹಿಂಬಾಲಿಸಿದಾಗ, ನೆಲೆಯಿಂದ ದೂರ ಒಯ್ದು ಬಿಟ್ಟ ಹಾವು ಬಹುದೂರ ಅಲೆದುದು ಕಂಡಿತು. ‘ಕಾಡಿಗೆ ಬಿಟ್ಟೆವು’ ಎಂದು ಕೈತೊಳೆದುಕೊಂಡರೆ ಪುಣ್ಯ ಬರುವುದಿಲ್ಲ.

ಐದನೆಯದು ಗುರುತಿನ ಪಾಠ. ನಮ್ಮ ಸೀಮೆಯಲ್ಲಿ ಹೆಚ್ಚಿನ ಸಾವಿಗೆ ಕಾರಣವಾದ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇಲ್ಲಿಯವರು ಇವನ್ನು ನಾಗ, ಮಣ್ಯಾರ, ಘೋಣಸ, ಫುರಸೆ ಎನ್ನುತ್ತಾರೆ. ಎರಡು ಭಾಷೆಯ ಹೆಸರೂ ತಿಳಿದಿದ್ದರೆ ಆಸ್ಪತ್ರೆಯಲ್ಲಿ ಮಾತು ತಡವರಿಸದು. ಸಾಮಾನ್ಯವಾಗಿ ಕಟ್ಟುಹಾವಿನ ಸಣ್ಣ ಪಟ್ಟೆಗಳು ಜೋಡಿಜೋಡಿಯಾಗಿ, ಕುತ್ತಿಗೆಯಿಂದ ತುಸು ಹಿಂದೆ ಶುರುವಾಗಿ ಬಾಲದ ಕಡೆ ಸ್ಪಷ್ಟವಾಗುತ್ತವೆ. ತೋಳಹಾವಿನವು ಕುತ್ತಿಗೆಯಲ್ಲೇ ಶುರುವಾಗಿ ಬಾಲದ ಕಡೆ ಮಾಸುತ್ತವೆ. ಇದು ದೂರದಿಂದ ನೋಡಿ ತಿಳಿಯಲು ಮಾತ್ರ; ಈ ಗುರುತನ್ನು ನಂಬಿ ಯಾರೂ ಕೈ ಹಾಕಬಾರದು.

ಕಟ್ಟುಹಾವು ರಾತ್ರಿ ತಿರುಗುವುದು. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವಾಗಲಿ ಬಾವಾಗಲಿ ಅಷ್ಟಾಗಿ ತೋರದು. ಬೆಳಗಿನ ಹೊತ್ತಿಗೆ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಅಜೀರ್ಣವೆಂದು ತಳ್ಳಿಹಾಕಬೇಡಿ. 2000ದಿಂದ 2019ರ ವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರು ಹಳ್ಳಿಯವರು, ನಮ್ಮ ನಿಮ್ಮ ಊರುಗಳ ಬಂಧುಗಳು. ಕಚ್ಚಿದಾಗ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ, ಉಂಗುರ ಬಳೆ ತೆಗೆದು, 108ಕ್ಕೆ ಫೋನು ಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಿರಿ. ಮಂತ್ರಕ್ಕಾಗಿ ಕಳೆದ ತಾಸು ಮರಳಿ ಬಾರದು.

ಮನೆಯಲ್ಲಿ ಹಾವು ಕಂಡರೆ ದೂರ ನಿಂತು ಅದರ ಮೇಲೆ ಕಣ್ಣಿಟ್ಟು ಅರಣ್ಯ ಇಲಾಖೆಯ 1926ಕ್ಕೆ ತಿಳಿಸಿ. ಅಪ್ಪಣೆಯಿಲ್ಲದೆ ಹಾವನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಅಂಗಳದಲ್ಲಿ ಕಸ ಬೆಳೆದರೆ ಇಲಿ, ಇಲಿಯ ಹಿಂದೆ ಹಾವು. ಆದಕಾರಣ ಮೊದಲ ಪಾಠದ ಪೊರಕೆ ಮನೆಯಲ್ಲೂ ಬೇಕು.

ನಮ್ಮ ಸದಸ್ಯರೊಬ್ಬರ ಮಗ ಫೋನಿನಲ್ಲಿ ಹಾವು ಹಿಡಿಯುವವರ ಚಿತ್ರ ನೋಡಿ, ತಾನೂ ಬರುವೆನೆಂದ. “ಮೊದಲ ದಿನವೇ ಹಿಡಿಯಲು ಕೊಡುತ್ತಾರೆಯೇ?” ಎಂದು ಕೇಳಿದ. “ಪೊರಕೆ ಹಿಡಿಯಲು ಕೊಡುತ್ತಾರೆ” ಎಂದೆವು. ಅವನ ಮುಖ ಸಣ್ಣದಾಯಿತು. ಆದರೂ ಮುಂದಿನ ಭಾನುವಾರ ಬರುತ್ತೇನೆಂದು ಹೇಳಿದ್ದಾನೆ. ತಾಯಿತಂದೆಯರ ಒಪ್ಪಿಗೆ ಪಡೆದು ಕರೆದೊಯ್ಯುತ್ತೇವೆ.

ಮೆಟ್ಟಿಲ ಬಳಿ ಸತ್ತ ಆ ಹಾವಿನ ವಿವರವನ್ನೂ ನಾವು ಒಂದು ವಹಿಯಲ್ಲಿ ಬರೆದಿಟ್ಟಿದ್ದೇವೆ. ಕಾರಣದ ಅಂಕಣದಲ್ಲಿ ‘ನಮ್ಮ ತಿಳಿಗೇಡಿತನ’ ಎಂದಿದೆ. ವಹಿ ವಾಚನಾಲಯದ ಮೇಜಿನ ಮೇಲಿದೆ. ಎರಡು ಹಾವುಗಳ ಚಿತ್ರ ಪಕ್ಕದ ಗೋಡೆಯ ಮೇಲಿವೆ. ಬಂದವರು ಎರಡನ್ನೂ ನೋಡಿಕೊಂಡು ಹೋಗಬೇಕೆಂದು ಅರಿಕೆ.