ದೇವರ ಹೂದೋಟವೂ ಬಿಸಿಲಿನ ಲೆಕ್ಕವೂ

ದೇವತಾರ್ಚನೆಯಲ್ಲಿ ಪುಷ್ಪಕ್ಕಿರುವ ಸ್ಥಾನವನ್ನು ಆಸ್ತಿಕರಾದ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಹಿಂದೆ ನಮ್ಮ ಕಾಸರಗೋಡು ಸೀಮೆಯ ಅನೇಕ ದೇವಸ್ಥಾನಗಳ ಮಗ್ಗುಲಲ್ಲಿ ಕೇಪಳ, ದಾಸವಾಳ, ನಂದಿಬಟ್ಟಲು, ತುಳಸಿಗಳ ಒಂದು ಸಣ್ಣ ತೋಟವಿದ್ದು, ಬೆಳಗಿನ ಪೂಜೆಗೆ ಬೇಕಾದ ಹೂ ಅಲ್ಲಿಯೇ ದೊರೆಯುತ್ತಿತ್ತು. ಈಗಲಾದರೋ ಪೇಟೆಯಿಂದ ಹೂ ತರಿಸುವುದು ರೂಢಿಯಾಗಿದೆ. ಪರ್ವದಿನಗಳಲ್ಲಿ ಅದರ ಕ್ರಯವು ಸಣ್ಣ ದೇವಸ್ಥಾನಗಳಿಗೆ ಎಷ್ಟು ಭಾರವಾಗುವುದೆಂಬುದನ್ನು ಲೆಕ್ಕದ ಪುಸ್ತಕ ಬರೆದವರೆಲ್ಲರೂ ಬಲ್ಲರು.

ಜೀರ್ಣೋದ್ಧಾರವಾದ ಬಳಿಕ ಇನ್ನೊಂದು ತೊಡಕು ತಲೆದೋರುವುದುಂಟು. ಸುತ್ತುಪೌಳಿ ಎತ್ತರವಾಗುತ್ತದೆ, ಆವರಣದ ಗೋಡೆ ಏಳುತ್ತದೆ, ಅಂಗಣಕ್ಕೆ ತಗಡಿನ ಚಪ್ಪರ ಬರುತ್ತದೆ. ವರ್ಷವಿಡೀ ಹೂ ಬಿಡುತ್ತಿದ್ದ ದಾಸವಾಳವು ಎಲೆಯನ್ನು ಮಾತ್ರ ಬಿಡತೊಡಗುತ್ತದೆ. ಆಗ ಒಬ್ಬರು ಮಣ್ಣು ಕೆಟ್ಟಿತೆನ್ನುವರು, ಇನ್ನೊಬ್ಬರು ದೃಷ್ಟಿ ತಾಗಿತೆನ್ನುವರು, ಮತ್ತೊಬ್ಬರು ಬುಡಕ್ಕೆ ಗೊಬ್ಬರ ಸುರಿಯುವರು. ನಿಜವಾದ ಕಾರಣವು ಬುಡದಲ್ಲಿಲ್ಲ, ತಲೆಯ ಮೇಲಿದೆ. ಗಿಡಕ್ಕೆ ಸಲ್ಲಬೇಕಾದ ಬಿಸಿಲು ಸಲ್ಲುತ್ತಿಲ್ಲ. ಆದುದರಿಂದ ಹೊಸ ಹೂದೋಟ ಹಾಕುವವರು ಮೊದಲು ಬಿಸಿಲಿನ ಲೆಕ್ಕವನ್ನು ತಿಳಿದುಕೊಳ್ಳುವುದು ಉಚಿತ.

ಹೂ ಎಂಬುದು ಉಳಿತಾಯ

ಗಿಡವು ಸೂರ್ಯನ ಬೆಳಕು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಇವುಗಳಿಂದ ಎಲೆಗಳಲ್ಲಿ ಆಹಾರವನ್ನು ತಯಾರಿಸುತ್ತದೆ. ಇದು ಜಮೆ. ಬೇರು, ಕಾಂಡ, ಎಲೆಗಳ ಪೋಷಣೆಗೆ ಹಗಲಿರುಳೂ ಅದೇ ಆಹಾರ ವ್ಯಯವಾಗುತ್ತದೆ. ಇದು ಖರ್ಚು. ಜಮೆಯು ಖರ್ಚನ್ನು ಮೀರಿ ಉಳಿದಾಗ ಮಾತ್ರ ಗಿಡವು ಸಮೃದ್ಧವಾಗಿ ಮೊಗ್ಗು ತಳೆಯಬಲ್ಲುದು. ನೆರಳಿನಲ್ಲಿ ಜಮೆ ಕುಗ್ಗುವುದರಿಂದ ಗಿಡವು ಹೇಗೋ ಜೀವ ಹಿಡಿದಿರುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಅಂತಹ ಗಿಡಕ್ಕೆ ಗೊಬ್ಬರವನ್ನು ಹೆಚ್ಚಿಸಿದರೆ ಎಲೆ ಹಬ್ಬೀತು, ಹೂವಾಗದು.

ಗಿಡವು ತನ್ನ ಬಡತನವನ್ನು ಬಾಯಿಬಿಟ್ಟು ಹೇಳದಿದ್ದರೂ ಮೈಯಲ್ಲಿ ತೋರಿಸುತ್ತದೆ. ಗೆಣ್ಣು ಗೆಣ್ಣುಗಳ ನಡುವೆ ಅಂತರ ಹೆಚ್ಚಿ ಕಾಂಡವು ಸಪೂರವಾಗಿ ಉದ್ದಕ್ಕೆ ಬೆಳೆಯುವುದು, ಬೆಳಕಿರುವ ಕಡೆಗೆ ಬಾಗುವುದು, ಎಲೆ ಅಗಲವಾಗಿ ತೆಳುವಾಗುವುದು, ಮೊಗ್ಗು ವಿರಳವಾಗುವುದು, ಇವೇ ಆ ಲಕ್ಷಣಗಳು.

ಯಾವ ಗಿಡಕ್ಕೆ ಎಷ್ಟು ಬಿಸಿಲು?

ಚೆಂಡುಹೂ, ಗುಲಾಬಿ, ಮಲ್ಲಿಗೆ, ಸೇವಂತಿಗೆ, ತುಳಸಿ ಇವು ಪೂರ್ಣ ಬಿಸಿಲನ್ನು ಬಯಸುವಂಥವು. ದಿನಕ್ಕೆ 6 ಗಂಟೆಗೆ ಕಡಿಮೆಯಿಲ್ಲದ ನೇರ ಬಿಸಿಲು ಇವಕ್ಕೆ ಬೇಕು. ಮಲೆಯಾಳದಲ್ಲಿ ಚೆಂಬರತ್ತಿಯೆನಿಸಿಕೊಳ್ಳುವ ದಾಸವಾಳವೂ ಇದೇ ಪಂಕ್ತಿಯದು. ಅರ್ಧ ದಿನದ ಬಿಸಿಲಿನಲ್ಲಿ ಬದುಕೀತಾದರೂ ಹೂವಿನ ಸಂಖ್ಯೆ ಇಳಿಯುತ್ತದೆ. ತೆಚ್ಚಿಯೆನಿಸಿಕೊಳ್ಳುವ ಕೇಪಳ, ನಂದಿಬಟ್ಟಲು, ಅಬ್ಬಲಿಗೆ ಇವು 3ರಿಂದ 5 ಗಂಟೆಗಳ ಬಿಸಿಲಿನಲ್ಲಿಯೂ ತಕ್ಕಮಟ್ಟಿಗೆ ಹೂ ಕೊಡುತ್ತವೆ. ಆದುದರಿಂದ ಒಳ್ಳೆಯ ಬಿಸಿಲಿನ ಜಾಗವನ್ನು ಮೊದಲನೆಯ ಗುಂಪಿಗೂ, ಅರೆನೆರಳನ್ನು ಎರಡನೆಯ ಗುಂಪಿಗೂ ವಿಂಗಡಿಸಿ ಕೊಡುವುದೇ ನ್ಯಾಯವಾದ ಹಂಚಿಕೆ.

ಗೋಡೆಯ ನೆರಳನ್ನು ಅಳೆಯುವ ಬಗೆ

ಕಾಸರಗೋಡು ಸುಮಾರು 12½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ತಿಂಗಳಲ್ಲಿ ಸೂರ್ಯನು ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ. ಭಾರತೀಯ ಕಾಲಮಾನವು 82½ ಡಿಗ್ರಿ ರೇಖಾಂಶವನ್ನು ಅನುಸರಿಸುವುದರಿಂದ, 75 ಡಿಗ್ರಿಯಲ್ಲಿರುವ ನಮಗೆ ನಿಜವಾದ ನಡುಹಗಲು ಗಡಿಯಾರದ 12 ಗಂಟೆಗಲ್ಲ, ಸುಮಾರು 12½ ಗಂಟೆಗೆ. ಡಿಸೆಂಬರ್ 21ರ ಸುಮಾರಿಗೆ ಆ ಹೊತ್ತಿನಲ್ಲಿ 1 ಅಡಿ ಎತ್ತರದ ಗೋಡೆಯು ಉತ್ತರಕ್ಕೆ ಸುಮಾರು 9 ಅಂಗುಲ ನೆರಳನ್ನು ಚಾಚುತ್ತದೆ. ಅಂದರೆ 8 ಅಡಿಯ ಗೋಡೆಗೆ ಹತ್ತಿರ ಹತ್ತಿರ 6 ಅಡಿ ನೆರಳು. ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ನಿಂತ ಗೋಡೆಯಾದರೆ ಬೆಳಿಗ್ಗೆ ಸಂಜೆಗಳಲ್ಲಿ ಈ ನೆರಳು ಇನ್ನೂ ಉದ್ದವಾಗಿರುವುದರಿಂದ, ಅದರ ಉತ್ತರದ ಬುಡದ ಆ 6 ಅಡಿಯಲ್ಲಿ ಆಗ ಇಡೀ ದಿನ ನೇರ ಬಿಸಿಲು ಬೀಳದು. ನಮ್ಮಲ್ಲಿ ಜಾತ್ರೆ, ಕೋಲ, ಕಳಿಯಾಟಗಳು ಹೆಚ್ಚಾಗಿ ನಡೆಯುವುದು ಮಳೆಗಾಲ ಕಳೆದ ಈ ತಿಂಗಳುಗಳಲ್ಲಿಯೇ ಎಂಬುದನ್ನು ನೆನೆದರೆ ಈ ನಷ್ಟದ ಗುರುತ್ವ ಅರಿವಾಗುವುದು.

ಜೂನ್ ತಿಂಗಳಲ್ಲಿ ಇದಕ್ಕೆ ವಿಪರ್ಯಾಸ. ಸೂರ್ಯನು ಉತ್ತರಕ್ಕೆ ಸರಿದಿರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆದರೆ ನಡುಹಗಲಿಗೆ 8 ಅಡಿಯ ಗೋಡೆಯದು 1½ ಅಡಿ ಮಾತ್ರ. ಆ ಕಾಲದಲ್ಲಿ ಹೇಗೂ ಮೋಡ ಮುಸುಕಿರುವುದು. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರಗಳಲ್ಲಿ ಸೂರ್ಯನು ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಆಗ ನಡುಹಗಲಲ್ಲಿ ಗೋಡೆಗೆ ನೆರಳೇ ಇಲ್ಲವೆನ್ನಬಹುದು. ಈ ಲೆಕ್ಕದ ಫಲಿತಾಂಶವಿಷ್ಟೆ: ಹೂವಿನ ಪಾತಿಯನ್ನು ಗೋಡೆಯ ದಕ್ಷಿಣ ಮಗ್ಗುಲಲ್ಲಿ, ಬುಡದಿಂದ 2 ಅಡಿ ಬಿಟ್ಟು ಮಾಡುವುದು ಶ್ರೇಯಸ್ಕರ.

ಗೋಡೆಯ ಜತೆಗೆ ಮರ, ಮಾಡುಗಳೂ ಇರುವಲ್ಲಿ ಗಣಿತಕ್ಕಿಂತ ಕಣ್ಣೇ ಪ್ರಮಾಣ. ಮೋಡವಿಲ್ಲದ ಒಂದು ದಿನ, ಪಾತಿ ಮಾಡಬೇಕೆಂದಿರುವ ಜಾಗಗಳಲ್ಲಿ ಒಂದೊಂದು ಗೂಟ ನೆಟ್ಟು ಅಂಕೆ ಬರೆಯಿರಿ. ಬೆಳಿಗ್ಗೆ 8ರಿಂದ ಸಂಜೆ 5ರ ವರೆಗೆ ಗಂಟೆಗೊಮ್ಮೆ ನೋಡಿ, ಗೂಟದ ಬುಡದಲ್ಲಿ ಬಿಸಿಲಿದ್ದರೆ ಒಂದು ಗೀರು, ಎಲೆಗಳ ಸಂದಿನಿಂದ ಚುಕ್ಕೆ ಚುಕ್ಕೆಯಾಗಿ ಬೀಳುತ್ತಿದ್ದರೆ ಅರ್ಧ ಗೀರು ಹಾಕಿಡಿ. ಸಂಜೆ ಕೂಡಿಸಿದಾಗ 6 ಅಥವಾ ಹೆಚ್ಚು ಬಂದರೆ ಅದು ಮಲ್ಲಿಗೆಯ ಜಾಗ. 3ರಿಂದ 5 ಬಂದರೆ ಕೇಪಳದ ಜಾಗ. ಅದಕ್ಕೂ ಕಡಿಮೆಯಾದರೆ ಹೂವಿನ ಆಸೆ ಬಿಡಬೇಕು. ಡಿಸೆಂಬರ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಹೀಗೆ ಮಾಡಿದರೆ ಲೆಕ್ಕ ಪಕ್ಕಾ ಆಗುವುದು. ಶಾಲೆಯ ಮಕ್ಕಳೂ ಈ ಕೆಲಸವನ್ನು ಸಂತೋಷದಿಂದ ಮಾಡಬಲ್ಲರು.

ತೆಂಗಿನ ತೋಟದಲ್ಲಿ ಹೂ ಬೆಳೆಸಬಯಸುವವರು ಮರದ ಪ್ರಾಯವನ್ನು ಗಮನಿಸಬೇಕು. ಸುಮಾರು 8ರಿಂದ 25 ವರ್ಷದ ಮರಗಳ ಅಡಿಯಲ್ಲಿ ನೆರಳು ಅತ್ಯಂತ ದಟ್ಟ. ಅನಂತರ ಮರ ಎತ್ತರವಾದಂತೆ ಬೆಳಕು ಮತ್ತೆ ನೆಲವನ್ನು ಮುಟ್ಟುತ್ತದೆ.

ಅತಿಯಾದರೆ ಬಿಸಿಲೂ ವೈರಿ

ಬಿಸಿಲನ್ನು ಪ್ರೀತಿಸುವ ಗಿಡಕ್ಕೂ ಮಿತಿಯಿದೆ. ಅಂಗಣಕ್ಕೆ ಕಲ್ಲು ಹಾಸಿ, ಪಶ್ಚಿಮಕ್ಕೆ ಮುಖಮಾಡಿದ ಗೋಡೆಗೆ ತಾಗಿ ಕುಂಡಗಳನ್ನಿಟ್ಟರೆ, ಮಾರ್ಚ್‌ನಿಂದ ಮೇ ತಿಂಗಳವರೆಗೆ ಅಪರಾಹ್ನದ ಬಿಸಿಲಿನೊಂದಿಗೆ ಕಲ್ಲು ಗೋಡೆಗಳ ಕಾವೂ ಸೇರಿ ಬೇರು ಬೇಯುವುದು. ಅಂಥಲ್ಲಿ ಬೆಳಗಿನ ಬಿಸಿಲು ಪೂರ್ತಿ ದೊರೆತು ಮಧ್ಯಾಹ್ನಾನಂತರ ತುಸು ನೆರಳು ಬೀಳುವ ಪೂರ್ವದ ಮಗ್ಗುಲೇ ಹಿತ. ಬುಡಕ್ಕೆ ತರಗೆಲೆ ಮುಚ್ಚಿ, ಮುಂಜಾನೆಯೇ ನೀರೆರೆಯಬೇಕು. ಹಸುರು ಬಲೆಯ ನೆರಳಿನಲ್ಲಿ ಬೆಳೆದ ಸಸಿಯನ್ನು ತಂದ ದಿನವೇ ಬಯಲಿನಲ್ಲಿ ನೆಟ್ಟರೆ ಎಲೆಗಳ ಮೇಲೆ ಬಿಳಿಚಿದ ಸುಟ್ಟ ಕಲೆಗಳೇಳುತ್ತವೆ. ಮೊದಲ ದಿನ ಒಂದೆರಡು ಗಂಟೆ, ಮರುದಿನ ಇನ್ನಷ್ಟು, ಹೀಗೆ ವಾರ ಹತ್ತು ದಿನಗಳಲ್ಲಿ ಅದನ್ನು ಬಿಸಿಲಿಗೆ ಒಗ್ಗಿಸಬೇಕು.

ಕತ್ತಲೆಯೂ ಬೇಕು

ಕೆಲವು ಗಿಡಗಳಿಗೆ ಹಗಲಿನ ಬೆಳಕಿನಂತೆಯೇ ಇರುಳಿನ ಕತ್ತಲೆಯೂ ಆವಶ್ಯಕ. ಹಗಲಿರುಳುಗಳ ಉದ್ದವು ಹೂ ಬಿಡುವ ಕಾಲವನ್ನು ನಿರ್ಣಯಿಸುವುದೆಂಬುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮಲ್ಲಿ ಹಗಲು ಜೂನ್‌ನಲ್ಲಿ ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 25 ನಿಮಿಷ. ಸೇವಂತಿಗೆಯು ಇರುಳು ದೀರ್ಘವಾದಾಗ ಮೊಗ್ಗು ತಳೆಯುವ ಜಾತಿ. ಅದರ ಪಾತಿಯ ಮೇಲೆ ರಾತ್ರಿಯಿಡೀ ಪ್ರಖರವಾದ ವಿದ್ಯುದ್ದೀಪ ಉರಿಯುತ್ತಿದ್ದರೆ ಗಿಡವು ಇರುಳಾಗಿಲ್ಲವೆಂದೇ ಬಗೆದು ಹೂ ಬಿಡುವುದನ್ನು ಮುಂದೂಡುವುದು. ಹೊಸದಾಗಿ ದೀಪದ ಕಂಬ ನೆಡುವವರು ಇದನ್ನು ಮರೆಯಬಾರದು.

ಮರಗಳ ಬಗ್ಗೆ ಒಂದು ವಿಜ್ಞಾಪನೆ

ಬಿಸಿಲಿಗಾಗಿ ಮರ ಕಡಿಯಬೇಕೇ ಎಂದು ಕೇಳುವವರಿದ್ದಾರೆ. ಅಶ್ವತ್ಥಕಟ್ಟೆಗೂ ನಾಗಬನಕ್ಕೂ ಕತ್ತಿ ಮುಟ್ಟಿಸಿ ಹೂ ಬೆಳೆಸುವುದು ಯುಕ್ತವಲ್ಲ. ಬನದ ಧರ್ಮ ನೆರಳು, ಹೂದೋಟದ ಧರ್ಮ ಬಿಸಿಲು. ಎರಡಕ್ಕೂ ದೇವರ ಜಾಗದಲ್ಲಿ ಎಡೆಯುಂಟು. ಮರವನ್ನು ಉಳಿಸಿ ಪಾತಿಯನ್ನು ಸರಿಸುವುದೇ ವಿವೇಕ. ಆದರೆ ಇಡೀ ಹೊರಾಂಗಣಕ್ಕೆ ಕಲ್ಲು ಹಾಸುವ ನಿರ್ಣಯ ಕೈಗೊಳ್ಳುವ ಮುನ್ನ, ಬಿಸಿಲು ಬೀಳುವ ದಕ್ಷಿಣ ಪೂರ್ವಗಳಲ್ಲಿ ನಾಲ್ಕು ಪಾತಿಗಳಷ್ಟು ಮಣ್ಣನ್ನು ಬಿಟ್ಟಿಡಬೇಕೆಂದು ಸೇವಾಸಮಿತಿಗಳ ಮಹನೀಯರಲ್ಲಿ ಸವಿನಯ ಬಿನ್ನಹ. ಕಲ್ಲು ಹಾಸಿಯಾದ ಮೇಲೆ ಅದನ್ನು ಕೀಳುವವರು ವಿರಳ. ಬಿಸಿಲಿಗೆ ಬೆಲೆ ಕೊಡಬೇಕಾಗಿಲ್ಲ. ಅದು ಬೀಳುವ ಸ್ಥಳವನ್ನು ಉಳಿಸಿಕೊಂಡರೆ ಸಾಕು. ಊರಿನವರೇ ನೆಟ್ಟು, ಊರಿನವರೇ ಕೊಯ್ದ ಹೂವು ನಿತ್ಯವೂ ದೇವರ ಮುಡಿಗೇರುವಂತಾಗಲಿ.