ಮಲಗಿ ಎದ್ದರೂ ದಣಿವು ಆರದಿದ್ದರೆ



ಕೆಲವು ತಿಂಗಳ ಹಿಂದೆ ಶಿರೂರಿನ ನನ್ನ ದವಾಖಾನೆಗೆ ಸಹೋದರಿಯೊಬ್ಬರು ತಮ್ಮ ಅತ್ತೆಯ ಜೊತೆ ಬಂದರು. "ರಾತ್ರಿ ಒಂಬತ್ತಕ್ಕ ಮಲಗತೇನ್ರಿ, ಆದ್ರೂ ಮುಂಜಾನೆ ಏಳೂದ್ರಾಗ ಮೈಯಾಗ ಕಸುವು ಇರಂಗಿಲ್ಲ" ಎಂದರು. ಅತ್ತೆ, "ಎಲ್ಲಾ ಟೆಸ್ಟ್ ನಾರ್ಮಲ್ ಬಂದಾವ್ರಿ ಹಕೀಮ್ ಸಾಹೇಬ್ರ, ಇದು ಬರೇ ಆಲಸ್ಯ" ಎಂದರು. ಸೊಸೆ ಮಾತಾಡಲಿಲ್ಲ. ಇಂಥ ಮಾತು ನಿಮ್ಮ ಮನೆಯಲ್ಲೂ ಬಂದಿದ್ದರೆ ದಯವಿಟ್ಟು ಮುಂದೆ ಓದಿ.

ಆಲಸ್ಯವೋ, ಕಾಯಿಲೆಯೋ?

ನೆರೆಯ ಗೋವಾದಲ್ಲಿ 18ರಿಂದ 50 ವರ್ಷದ ಮಹಿಳೆಯರ ಸಮೀಕ್ಷೆಯೊಂದು ನಡೆದು 2005ರಲ್ಲಿ ಪ್ರಕಟವಾಯಿತು. 100ರಲ್ಲಿ ಸುಮಾರು 12 ಮಂದಿ ದೀರ್ಘಕಾಲದ ದಣಿವನ್ನು ಹೇಳಿಕೊಂಡಿದ್ದರು. ಬಡತನ ಮತ್ತು ಮನಸ್ಸಿನ ಸಂಕಟಕ್ಕೂ ಈ ದಣಿವಿಗೂ ನಂಟು ಕಂಡುಬಂತು. ಅಂದರೆ ದಣಿವಿಗೆ ಕಾರಣ ಹಲವು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಗೊರಕೆಯೊಂದಿಗೆ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವನ್ನೆಲ್ಲ ಮೊದಲು ಪರೀಕ್ಷಿಸಲೇಬೇಕು.

ಇವು ಯಾವುವೂ ಇಲ್ಲದೆ, ಆರು ತಿಂಗಳಿಗೂ ಹೆಚ್ಚು ಕಾಲ ದಣಿವು ಉಳಿದು, ನಿದ್ರೆಯಿಂದ ಚೇತರಿಕೆ ಸಿಗದೆ, ಸ್ವಲ್ಪ ಹೆಚ್ಚು ಕೆಲಸ ಮಾಡಿದರೆ ಮರುದಿನವೋ ಅದರ ಮರುದಿನವೋ ಹಾಸಿಗೆ ಹಿಡಿಯುವಂತಾದರೆ, ಅದು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದು. ಇದು ದೇಹದ ಕಾಯಿಲೆ, ಸೋಮಾರಿತನವಲ್ಲ.

ದೇಹದ ಗಡಿಯಾರ ಮತ್ತು ಹೃದಯ

ನಮ್ಮ ಮೆದುಳಿನಲ್ಲಿ ಒಂದು ಗಡಿಯಾರವಿದೆ. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಹಗಲು ರಾತ್ರಿಯನ್ನು ತಿಳಿಯುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಗಾಢ ನಿದ್ರೆಯಲ್ಲಿ ನಾಡಿ ನಿಧಾನವಾಗುತ್ತದೆ, ರಕ್ತದೊತ್ತಡ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ಹೃದಯಕ್ಕೆ ಸಿಗುವ ವಿಶ್ರಾಂತಿ ಇದೇ.

ಈ ಕಾಯಿಲೆಯಿರುವ ಹಲವರಲ್ಲಿ ಹೃದಯವನ್ನು ನಡೆಸುವ ನರವ್ಯವಸ್ಥೆ ನಿದ್ರೆಯಲ್ಲೂ ಪೂರ್ತಿ ಸಡಿಲಗೊಳ್ಳುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಕಣ್ಣು ಮುಚ್ಚಿದ್ದರೂ ದೇಹ ಕಾವಲು ಕಾಯುತ್ತಲೇ ಇರುತ್ತದೆ. ಹಾಗಾಗಿ ಎಂಟು ತಾಸು ಮಲಗಿದರೂ ದಣಿವು ಆರುವುದಿಲ್ಲ.

ಯುನಾನಿ ವೈದ್ಯವು ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತದೆ. ಗಾಳಿ, ಆಹಾರ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಇವುಗಳಲ್ಲಿ ಒಂದು ಕೆಟ್ಟರೆ ಉಳಿದವೂ ಕೆಡುತ್ತವೆ.

ಮನೆಯಲ್ಲಿ ಮಾಡಬಹುದಾದದ್ದು

1. ಏಳುವ ಸಮಯ ಒಂದೇ ಇರಲಿ. ಫಜ್ರ್ ನಮಾಝ್ ಇದಕ್ಕೆ ನೆರವಾಗುತ್ತದೆ. ಸೂರ್ಯ ಮೂಡಿದ ಮೇಲೆ ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತು ಬೆಳಕು ಪಡೆಯಿರಿ.

2. ಇಶಾ ನಂತರ ವ್ಯರ್ಥ ಮಾತುಕತೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ನಾವು ಮೊಬೈಲನ್ನೂ ಅದಕ್ಕೆ ಸೇರಿಸೋಣ. ಚಹಾ ಮಧ್ಯಾಹ್ನಕ್ಕೇ ಮುಗಿಯಲಿ.

3. ಮಧ್ಯಾಹ್ನದ ಕೈಲೂಲಾ ಒಳ್ಳೆಯದೇ, ಆದರೆ ಅರ್ಧ ತಾಸು ಸಾಕು. ನಿದ್ರೆ ಬರದಿದ್ದರೂ ಸುಮ್ಮನೆ ಮಲಗಿರಿ. ಕಾಯಿಲೆ ತೀವ್ರವಾಗಿರುವವರಿಗೆ ಹೆಚ್ಚು ವಿಶ್ರಾಂತಿ ಬೇಕಾದೀತು, ಅದನ್ನು ತಡೆಯಬೇಡಿ.

4. ಕೆಲಸವನ್ನು ತುಂಡು ತುಂಡಾಗಿ ಮಾಡಿ. ರೊಟ್ಟಿ ಬಡಿದ ದಿನ ಬಟ್ಟೆ ಒಗೆಯುವುದು ಬೇಡ. ಮೈ ಹಗುರವೆನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗಬೇಡಿ. "ನಡೆದಾಡಿದರೆ ಸರಿಹೋಗುತ್ತದೆ" ಎಂದು ಯಾರೂ ಒತ್ತಾಯಿಸಬಾರದು. ಈ ಕಾಯಿಲೆಯಲ್ಲಿ ಅದು ಹಾನಿ ಮಾಡಬಲ್ಲದು.

5. ನಿಂತರೆ ತಲೆ ಸುತ್ತುವವರು, ಎದೆ ಬಡಿದುಕೊಳ್ಳುವವರು ಕುಳಿತೇ ನಮಾಝ್ ಮಾಡಬಹುದು. ಶರೀಅತ್ ರೋಗಿಗೆ ಈ ರಿಯಾಯಿತಿ ಕೊಟ್ಟಿದೆ.

ನಾಡಿ ಎಣಿಸಿ ನೋಡಿ

ಐದು ನಿಮಿಷ ಮಲಗಿ, ಒಂದು ನಿಮಿಷದ ನಾಡಿ ಎಣಿಸಿ. ನಂತರ ಎದ್ದು ನಿಂತು ಹತ್ತು ನಿಮಿಷದವರೆಗೆ ಆಗಾಗ ಎಣಿಸಿ. ಪಕ್ಕದಲ್ಲಿ ಒಬ್ಬರು ಇರಲಿ, ತಲೆ ಸುತ್ತಿದರೆ ಕೂಡಲೇ ಕುಳಿತುಬಿಡಿ. ವಯಸ್ಕರಲ್ಲಿ ನಾಡಿ 30ಕ್ಕಿಂತ ಹೆಚ್ಚು ಏರಿ ಹಾಗೆಯೇ ಉಳಿದರೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ಎದೆನೋವು, ಮೂರ್ಛೆ, ಉಸಿರಾಟದ ತೊಂದರೆ ಬಂದರೆ ಮನೆಮದ್ದು ಬೇಡ. ತಕ್ಷಣ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಹೋಗಿ.

ನಾನೂ ಯುನಾನಿ ವೈದ್ಯನೇ, ಆದರೂ ಹೇಳುತ್ತೇನೆ: ಈ ಕಾಯಿಲೆಯನ್ನು ಬುಡಸಮೇತ ಕೀಳುವ ಔಷಧ ಯಾವ ಪದ್ಧತಿಯಲ್ಲೂ ಇನ್ನೂ ಇಲ್ಲ. ಹೃದಯಕ್ಕೆ ಬಲವೆಂದು ಅಂಗಡಿಯಿಂದ ಖಮೀರಾ ತಂದು ತಾವೇ ತಿನ್ನಬೇಡಿ. ಅದರಲ್ಲಿ ಸಕ್ಕರೆ ಅಥವಾ ಜೇನು ಹೆಚ್ಚಿರುತ್ತದೆ, ಮಧುಮೇಹಿಗಳಿಗೆ ಅಪಾಯ.

ಆ ಸಹೋದರಿ ನಿಂತಾಗ ನಾಡಿ ಏರಿದ್ದನ್ನು ನಾನು ಅತ್ತೆಯ ಕೈಯಿಂದಲೇ ಎಣಿಸಿಸಿದೆ. ಈಗ ಮುಂಜಾನೆ ನೀರು ತುಂಬುವ ಕೆಲಸ ಮಗನದು, ರೊಟ್ಟಿ ಅತ್ತೆಯದು. ಸೊಸೆ ಪೂರ್ತಿ ಗುಣವಾಗಿಲ್ಲ. ಆದರೆ ಹಾಸಿಗೆ ಹಿಡಿಯುವ ದಿನಗಳು ಕಡಿಮೆಯಾಗಿವೆ, ಆಲಸಿ ಎಂಬ ಮಾತು ಆ ಮನೆಯಲ್ಲಿ ನಿಂತಿದೆ.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ, ಅವರ ಜೊತೆಗಿರುವವರಿಗೆ ಸಹನೆ ನೀಡಲಿ. ಆಮೀನ್.