ಘಟ್ಟದ ಕೆಳಗೆ ಏನೇನಿದೆ?

"ಧರ್ಮಸ್ಥಳಕ್ಕೆ ಹೋಗಿದ್ರಾ ಅಕ್ಕಾ?"

"ಓ, ಎರಡು ಸಲ ಹೋಗೀವಿ."

"ಏನೇನು ನೋಡಿದ್ರಿ?"

"ನೇತ್ರಾವತಿಯಲ್ಲಿ ಮುಳುಗು ಹಾಕಿದ್ವಿ. ದರ್ಶನ ಮಾಡಿದ್ವಿ. ಊಟ ಮಾಡಿದ್ವಿ. ರಾತ್ರಿ ಬಸ್ ಹತ್ತಿ ಬಂದ್ವಿ."

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಧರ್ಮಸ್ಥಳ, ಕೊಲ್ಲೂರು, ಉಡುಪಿ, ಗೋಕರ್ಣ ಎಲ್ಲಾ ಕಡೆ ಹೋಗುತ್ತೇವೆ. ದೇವರನ್ನು ನೋಡುತ್ತೇವೆ. ದೇವರು ಇರುವ ಸೀಮೆಯನ್ನು ನೋಡುವುದಿಲ್ಲ. ರಾತ್ರಿ ಬಸ್ಸು, ಕಣ್ಣು ತುಂಬ ನಿದ್ದೆ. ಘಟ್ಟ ಇಳಿದದ್ದೂ ತಿಳಿಯುವುದಿಲ್ಲ, ಹತ್ತಿದ್ದೂ ತಿಳಿಯುವುದಿಲ್ಲ.

ಈ ಸಲ ಹಗಲು ಬಸ್ಸಿಗೆ ಹೋಗೋಣ. ಕಿಟಕಿ ಪಕ್ಕ ಕೂತು ನೋಡೋಣ.

ಹತ್ತುವ ಮೊದಲು ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಆದರೆ ಅದು ಸರ್ಕಾರದ ಸಾಮಾನ್ಯ ಬಸ್ಸಿಗೆ ಮಾತ್ರ. ಬಸ್ಸಿನ ಮೈಮೇಲೆ 'ಕರ್ನಾಟಕ ಸಾರಿಗೆ' ಎಂದು ಬರೆದಿರುತ್ತದೆ. ಅದನ್ನು ಓದಿಯೇ ಹತ್ತಿ. ಶಿವಮೊಗ್ಗ ದಾಟಿ ಉಡುಪಿ, ಮಂಗಳೂರಿನ ದಾರಿ ಹಿಡಿದರೆ ಖಾಸಗಿ ಬಸ್ಸುಗಳೇ ಹೆಚ್ಚು. ಅವಕ್ಕೆ ಹಣ ಕೊಡಬೇಕು. ಕೈಯಲ್ಲಿ ದುಡ್ಡು ಇಲ್ಲದೆ ನಡುದಾರಿಯಲ್ಲಿ ಇಳಿಯುವ ಹಾಗೆ ಆಗಬಾರದು. ಗುರುತಿನ ಚೀಟಿಯೂ ಜೊತೆಗಿರಲಿ.

ಶಿವಮೊಗ್ಗ, ತೀರ್ಥಹಳ್ಳಿ, ಆಮೇಲೆ ಆಗುಂಬೆ. ತೀರ್ಥಹಳ್ಳಿ ತುಂಗೆಯ ದಡದ ಊರು. ಇಲ್ಲೊಂದು ಸೋಜಿಗ ಕೇಳಿ. ತುಂಗೆ, ಭದ್ರೆ ಇಬ್ಬರೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅಲ್ಲಿಂದ ಪಡುವಣ ಕಡಲು ನೂರು ಕಿಲೋಮೀಟರ್ ಒಳಗೇ ಇದೆ. ಆದರೂ ಈ ಅಕ್ಕತಂಗಿಯರು ಹತ್ತಿರದ ಕಡಲಿಗೆ ಬೆನ್ನು ಹಾಕಿ ಮೂಡಣಕ್ಕೆ ಹೊರಡುತ್ತಾರೆ. ಕೂಡ್ಲಿಯಲ್ಲಿ ಒಂದಾಗುತ್ತಾರೆ. ಹೊನ್ನಾಳಿ ದಾಟಿ, ಹರಿಹರ ದಾಟಿ, ಮುಂದೆ ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿ ಸೇರುತ್ತಾರೆ. ನೀವು ಮುಳುಗು ಹಾಕಿದ ನೇತ್ರಾವತಿಯೂ ಅದೇ ಮಲೆಸಾಲಿನಲ್ಲಿ ಹುಟ್ಟಿದವಳು. ಅವಳು ಮಾತ್ರ ನೇರ ಕೆಳಗಿಳಿದು ಮಂಗಳೂರಿನ ಹತ್ತಿರ ಕಡಲು ಸೇರುತ್ತಾಳೆ. ಘಟ್ಟದ ನೆತ್ತಿಯ ಆಚೆ ಬಿದ್ದ ಹನಿ ಅವರಿಗೆ, ಈಚೆ ಬಿದ್ದ ಹನಿ ನಮಗೆ.

ಆ ಹನಿ ಬರುವುದಾದರೂ ಎಲ್ಲಿಂದ? ಕಡಲಿನಿಂದಲೇ. ಮುಂಗಾರು ಗಾಳಿ ಕಡಲ ನೀರಾವಿ ಹೊತ್ತು ಬರುತ್ತದೆ. ಘಟ್ಟ ಅಡ್ಡ ನಿಲ್ಲುತ್ತದೆ. ಮೋಡ ಮೇಲೇರಿ ತಂಪಾಗಿ ಅಲ್ಲೇ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಜಗಳೂರಿನಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಜಗಳೂರಿನ ಅಕ್ಕಂದಿರು ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವಾಗ ಬೈಯುವುದು ಮೋಡವನ್ನು. ಮೋಡ ಖಾಲಿಯಾದದ್ದು ಇಲ್ಲಿ.

ಘಟ್ಟ ಇಳಿದರೆ ಸೆಕೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ನೋಡಿ. ಊರೆಲ್ಲಿ? ನಮ್ಮಲ್ಲಿ ಹಳ್ಳಿ ಅಂದರೆ ಓಣಿ, ಕಟ್ಟೆ, ಗೋಡೆಗೆ ಗೋಡೆ ತಾಗಿದ ಮನೆ. ಅಲ್ಲಿ ಹಾಗಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ತೋಟದ ಆಚೆ. ಪ್ರತಿ ಮನೆಗೂ ಅಂಗಳ, ಬಾವಿ, ನಾಲ್ಕು ತೆಂಗು. "ಬೇಜಾರಾಗಲ್ವೇನ್ರಿ ಇವರಿಗೆ, ಮಾತಾಡೋಕೆ ಯಾರೂ ಇಲ್ದೆ?" ಎಂದು ನಮ್ಮವರು ಕೇಳುತ್ತಾರೆ. ನಮ್ಮ ಓಣಿ ನೋಡಿದರೆ ಅವರೂ ಏನಾದರೂ ಕೇಳಿಯಾರು!

ಗೋಡೆ ಕೆಂಪು ಕಲ್ಲಿನದು. ಮುರಕಲ್ಲು ಅನ್ನುತ್ತಾರೆ. ಉತ್ತರ ಕನ್ನಡದ ಕಡೆ ಚಿರೆಕಲ್ಲು. ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ. ಇಟ್ಟಿಗೆ ಹಾಗೆ ಕಡಿಯಬಹುದು. ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಮೇಲೆ ಹೊದೆಸಿದ ಹೆಂಚು ನಮಗೂ ಗೊತ್ತು, ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದರು. ಹಳೆಯ ಹೆಂಚನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದೇ ಮಿಷನ್ನಿನವರು 1843ರಲ್ಲಿ 'ಮಂಗಳೂರು ಸಮಾಚಾರ' ಎಂಬ ಪತ್ರಿಕೆ ತಂದರು. ಕನ್ನಡದ ಮೊದಲ ಪತ್ರಿಕೆ ಅದು. ಕನ್ನಡ ಪತ್ರಿಕೆ ಮೊದಲು ಅಚ್ಚಾದ ಊರಿನ ಪೇಟೆಯಲ್ಲಿ ಹೆಚ್ಚು ಕೇಳುವ ಮಾತು ಯಾವುದು ಗೊತ್ತೇ? ತುಳು. ಜೊತೆಗೆ ಕೊಂಕಣಿ, ಬ್ಯಾರಿ. ಮಾತು ತಿಳಿಯದಿದ್ದರೆ ಹೆದರಬೇಡಿ. ಬೋರ್ಡು ಕನ್ನಡದಲ್ಲೇ ಇದೆ. ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ.

ಚನ್ನಗಿರಿಯ ಅಕ್ಕಂದಿರು ಅಂಗಳದಲ್ಲಿ ನಿಂತುಬಿಡುತ್ತಾರೆ. ಅಲ್ಲಿ ಅಡಿಕೆ ಹರಡಿದೆ, ಸಿಪ್ಪೆ ಸಮೇತ!

"ಇದೇನ್ರಿ, ಸುಲಿಯದೇ ಒಣಗಿಸ್ತಾರಾ?"

ಹೌದು. ನಾವು ಹಸಿ ಗೊನೆ ಕೊಯ್ದು, ಅಂದಂದೇ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ ಒಣಗಿಸುತ್ತೇವೆ. ಅದು ಕೆಂಪಡಿಕೆ. ಅವರು ಅಡಿಕೆ ಹಣ್ಣಾಗುವವರೆಗೆ ಕಾಯುತ್ತಾರೆ. ಬೇಯಿಸುವುದಿಲ್ಲ. ಸಿಪ್ಪೆಯಲ್ಲೇ ಸುಮಾರು 40 ದಿನ ಬಿಸಿಲಿಗೆ ಹಾಕುತ್ತಾರೆ. ಆಮೇಲೆ ಸುಲಿಯುತ್ತಾರೆ. ಅದು ಚಾಲಿ, ಬಿಳಿ ಅಡಿಕೆ. ನಮ್ಮಲ್ಲಿ ರಾತ್ರಿ ನಿದ್ದೆಗೆಟ್ಟು ಸುಲಿಯಬೇಕು, ಇಲ್ಲದಿದ್ದರೆ ಕಾಯಿ ಕೆಡುತ್ತದೆ. ಅವರಿಗೆ ಆ ಅವಸರ ಇಲ್ಲ. ಆದರೆ ಮಳೆಯ ಭಯ ಇದೆ. ಒಣಗುವಾಗ ಮಳೆ ಬಿದ್ದರೆ ಅಡಿಕೆಗೆ ಬೂಸ್ಟು. ಮರ ಒಂದೇ, ಕಾಯಿ ಒಂದೇ, ಕೆಲಸ ಮಾತ್ರ ಬೇರೆ.

ಈಗ ಮನೆಯ ಒಳಗಿನ ಸಂಗತಿ. ಇದನ್ನು ನಿಧಾನವಾಗಿ ಓದಿ.

ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಅಳಿಯಸಂತಾನ ಎಂಬ ಕಟ್ಟು ಇತ್ತು. ಅಳಿಯ ಎಂದರೆ ಮಗಳ ಗಂಡ ಅಲ್ಲ, ಸೋದರಳಿಯ. ಅಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ಮಕ್ಕಳದು ತಾಯಿಯ ಬಳಿ. ಬಳಿ ಎಂದರೆ ನಮ್ಮ ಬೆಡಗು ಇದ್ದ ಹಾಗೆ. ಆಸ್ತಿ ಅಪ್ಪನಿಂದ ಮಗನಿಗೆ ಹೋಗುತ್ತಿರಲಿಲ್ಲ. ತಾಯಿಯಿಂದ ಮಗಳು, ಮಗಳಿಂದ ಮೊಮ್ಮಗಳು, ಈ ಸಾಲಿನಲ್ಲಿ ಮನೆತನ ಉಳಿಯುತ್ತಿತ್ತು. ಹೆಣ್ಣು ಹುಟ್ಟದಿದ್ದರೆ ವಂಶ ನಿಂತಿತು ಎಂದು ಅವರು ಅಳುತ್ತಿದ್ದರು.

ಹಾಗಾದರೆ ಹೆಂಗಸರದೇ ರಾಜ್ಯವೇ? ಪೂರ್ತಿ ಅಲ್ಲ. ಹೆಂಗಸು ಮನೆಯ ಯಜಮಾನಿ ಆಗಬಹುದಿತ್ತು. ಆದರೂ ಹೆಚ್ಚಿನ ಕಡೆ ಕಾರುಬಾರು ಸೋದರಮಾವನ ಕೈಯಲ್ಲೇ ಇತ್ತು. ಆದರೆ "ಈ ಮನೆಯಲ್ಲಿ ನಿನಗೇನಿದೆ, ಹೊರಡು" ಎಂದು ಹುಟ್ಟಿದ ಮನೆಯ ಮಗಳಿಗೆ ಹೇಳುವುದು ಸುಲಭ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಈ ಕಟ್ಟು ಸಡಿಲವಾಯಿತು. ಬಳಿ ಮಾತ್ರ ಇಂದಿಗೂ ತಾಯಿಯದೇ.

ನಮ್ಮ ಕಡೆ? 2005ರ ತಿದ್ದುಪಡಿಯ ಪ್ರಕಾರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಪಾಲಾಗಿದ್ದರೆ ಮಾತ್ರ ಅದನ್ನು ಮತ್ತೆ ತೆರೆಯುವ ಹಾಗಿಲ್ಲ. ಆದರೆ ನಡೆಯುವುದೇನು? "ಅಣ್ಣನ ಮೇಲೆ ನಂಬಿಕೆ ಇಲ್ವೇನವ್ವಾ?" ಅನ್ನುತ್ತಾರೆ. ಒಂದು ಸೀರೆ ಕೊಡುತ್ತಾರೆ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಪಾಲು ಬಿಡಬೇಕೋ ಬೇಡವೋ, ಅದು ನಿಮ್ಮ ಇಷ್ಟ. ಕಾಗದದಲ್ಲಿ ಏನಿದೆ ಎಂದು ಓದದೆ ಒತ್ತಬೇಡಿ.

ಬಸ್ಸು ಉಡುಪಿ ತಲುಪಿತು. ಕುಚ್ಚಲಕ್ಕಿ ಅನ್ನ ಉಂಡಿರಾ? ಜೋಳದ ರೊಟ್ಟಿ ಕೇಳಬೇಡಿ, ಅಲ್ಲಿ ಜೋಳ ಬೆಳೆಯುವುದಿಲ್ಲ. ಈಗ ಕಡಲು ನೋಡೋಣ.

ನಮಗೆ ದೊಡ್ಡ ನೀರು ಅಂದರೆ ಸೂಳೆಕೆರೆ. ಶಾಂತಿಸಾಗರ ಎಂದು ಹೆಸರಿದ್ದರೂ ಆಚೆ ದಡದ ಗುಡ್ಡ ಕಾಣುತ್ತದೆ. ಕಡಲಿಗೆ ಆಚೆ ದಡ ಕಾಣುವುದಿಲ್ಲ. ಕೆರೆಯ ನೀರು ಇಟ್ಟಲ್ಲಿ ಇರುತ್ತದೆ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನ ಸೆಳೆತ ಅದಕ್ಕೆ ಮುಖ್ಯ ಕಾರಣ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಇನ್ನೂ ಜೋರು. ಬೆಳಿಗ್ಗೆ ಚಪ್ಪಲಿ ಬಿಟ್ಟ ಜಾಗ ಮಧ್ಯಾಹ್ನ ನೀರೊಳಗೆ ಇರಬಹುದು.

ಇದು ತಮಾಷೆಯ ಮಾತಲ್ಲ. ದಡದ ಹತ್ತಿರ ಮೊಣಕಾಲು ನೀರಿನಲ್ಲೂ ಒಳಸೆಳೆತ ಇರುತ್ತದೆ. ಕಾಲ ಕೆಳಗಿನ ಮರಳು ಜಾರುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ಕಡಲಿನಲ್ಲಿ ಮುಳುಗಿ ಸತ್ತರು. ಅವರೂ ನಮ್ಮ ಹಾಗೆ ಬಯಲು ಸೀಮೆಯ ಮಕ್ಕಳು. ಕೆರೆಯಲ್ಲಿ ಈಜು ಬರುತ್ತದೆ ಎಂದು ಕಡಲಿಗೆ ಇಳಿಯಬೇಡಿ. ಕೆಂಪು ಬಾವುಟ ಇದ್ದರೆ ನೀರಿನ ಹತ್ತಿರವೂ ಬೇಡ. ಮಳೆಗಾಲದಲ್ಲಿ ದಡದಲ್ಲೇ ನಿಂತು ಕೈಮುಗಿಯಿರಿ. ಮೀನುಗಾರರ ಯಂತ್ರದ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲವೂ ಹೌದು.

ಉಡುಪಿಯಿಂದ ಉತ್ತರಕ್ಕೆ ಗೋಕರ್ಣದ ದಾರಿ ಹಿಡಿದರೆ ಮರವಂತೆ ಸಿಗುತ್ತದೆ. ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ. ಎಡಕ್ಕೆ ಉಪ್ಪು, ಬಲಕ್ಕೆ ಹೊಳೆ, ನಡುವೆ ನಿಮ್ಮ ಬಸ್ಸು. ನಿದ್ದೆ ಬಂದರೂ ಇಲ್ಲಿ ಕಣ್ಣು ಬಿಡಿ. ಗೋಕರ್ಣದ ಹತ್ತಿರ ಸಾಣಿಕಟ್ಟಾ. ಗದ್ದೆ ಹಾಗೆ ಮಡಿ ಕಟ್ಟಿ, ಕಡಲ ನೀರು ನಿಲ್ಲಿಸಿ, ಬಿಸಿಲಿಗೆ ಉಪ್ಪು ಬೆಳೆಯುತ್ತಾರೆ. ಹೌದು, ಉಪ್ಪು 'ಬೆಳೆಯುವುದು' ಎಂದೇ ಅನ್ನಬೇಕು.

ಇನ್ನೂ ದೊಡ್ಡ ಸೋಜಿಗ ಅಲ್ಲೇ ಇದೆ. ಅಘನಾಶಿನಿ ನದಿ ಕಡಲು ಸೇರುವ ಕಡೆ ಉಪ್ಪುನೀರು ನುಗ್ಗುವ ಗದ್ದೆಗಳಿವೆ. ಗಜನಿ ಅನ್ನುತ್ತಾರೆ. ಭೂಮಿಗೆ ಉಪ್ಪು ಹತ್ತಿದರೆ ಭತ್ತ ಸುಟ್ಟುಹೋಗುತ್ತದೆ ಎಂದು ಭದ್ರಾ ನಾಲೆಯ ನಮ್ಮ ರೈತರಿಗೆ ಗೊತ್ತು. ಗಜನಿಯಲ್ಲಿ ಕಗ್ಗ ಎಂಬ ಭತ್ತ ಉಪ್ಪು ತಡೆದು, ನೀರಿನ ಮೇಲೆ ತಲೆ ಎತ್ತಿ ನಿಲ್ಲುತ್ತದೆ. ಕೊಯ್ಲು ಆದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಈಗ ಕಗ್ಗ ಬೆಳೆಯುವವರು ಕಡಿಮೆ.

ವಾಪಸ್ ಬರುವಾಗ ಹೊನ್ನಾಳಿ ಸೇತುವೆ ಮೇಲೆ ಹೊಳೆ ನೋಡಿ. ಆಗುಂಬೆಯ ಹತ್ತಿರ ಕಿಟಕಿಗೆ ಹೊಡೆದ ಮಳೆ ನಿಮ್ಮ ಹಿಂದೆಯೇ ಬರುತ್ತಿರುತ್ತದೆ.

ಓದಿ, ಮಾಡಿ ನೋಡಿ

1. ನಿಮ್ಮೂರಿನ ಬಸ್ ನಿಲ್ದಾಣದ ಫಲಕ ಓದಿ. ಶಿವಮೊಗ್ಗಕ್ಕೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ ಇದೆ? ಬರೆಯಿರಿ.

2. ಹಳೆಯ ಹೆಂಚು ಸಿಕ್ಕರೆ ತಿರುಗಿಸಿ ನೋಡಿ. ಯಾವ ಹೆಸರು ಇದೆ?

3. ತವರಿನ ಜಮೀನಿನ ಪಹಣಿ ತರಿಸಿ ಓದಿ. ಯಾರ ಯಾರ ಹೆಸರಿದೆ?